ಡಿಗ್ರಿ ಓದುತ್ತಲೇ ಎಲ್‌ಎಲ್‌ಬಿಗೆ ಸಿದ್ಧತೆ: ಯಾವುದು ಮೊದಲು, ಯಾವುದು ಆಮೇಲೆ

ಜುಲೈ ಬಂತೆಂದರೆ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ನನ್ನ ಕಚೇರಿಗೆ ಬರಲು ಶುರುಮಾಡುತ್ತಾರೆ. ಕೈಯಲ್ಲಿ ಅಂಕಪಟ್ಟಿಯ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ಒಂದೇ ಮಾತು: "ಮೇಡಂ, ಲಾ ಮಾಡಬೇಕು ಅಂತಿದೀನಿ. ಈಗ ಏನ್ ಮಾಡ್ಲಿ?" ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಪರೀಕ್ಷೆ ಅಷ್ಟರಲ್ಲಿ ಮುಗಿದು ತಿಂಗಳುಗಳಾಗಿರುತ್ತವೆ. ದಿಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ಹತ್ತಿರದ ಕಾಲೇಜಿನಲ್ಲಿ ಸೀಟಿದ್ದರೂ ಇವರ ಆರನೇ ಸೆಮಿಸ್ಟರ್ ಅಂಕಪಟ್ಟಿ ಬಂದಿರುವುದಿಲ್ಲ. ಹೀಗೆ ಒಂದು ವರ್ಷ ಕೈತಪ್ಪುತ್ತದೆ.

ಇವರಲ್ಲಿ ಬಹಳ ಮಂದಿ ಕಷ್ಟಪಟ್ಟು ಓದಿದವರೇ. ಓದಿದ ಕ್ರಮ ಮಾತ್ರ ತಲೆಕೆಳಗು. ಮೊದಲು ಕೋಚಿಂಗ್ ಸೇರಿ, ಆಮೇಲೆ ಸೆಕ್ಷನ್ ಕಂಠಪಾಠ ಮಾಡಿ, ಕೊನೆಗೆ ಯಾವ ಕಾಲೇಜು ಎಂದು ಯೋಚಿಸಿರುತ್ತಾರೆ. ಆಗಬೇಕಾದದ್ದು ಇದಕ್ಕೆ ಉಲ್ಟಾ. ಬಿಎ, ಬಿಕಾಂ, ಬಿಎಸ್ಸಿ, ಬಿಬಿಎ, ಬಿಸಿಎ ಯಾವುದನ್ನೇ ಓದುತ್ತಿರಲಿ, ಡಿಗ್ರಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬೇಕೆಂದಿರುವವರು ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಶುರುಮಾಡುವ ಮುನ್ನ ಕೈಯಲ್ಲಿ ಇರಬೇಕಾದವು

ಬೇಕಾಗುವ ಸಾಮಾನು ಕಡಿಮೆ. ಭಾರತದ ಸಂವಿಧಾನದ ಒಂದು ಕನ್ನಡ ಪ್ರತಿ, ಒಂದು ಇಂಗ್ಲಿಷ್ ಪ್ರತಿ. ಇನ್ನೂರು ಪುಟದ ಎರಡು ನೋಟ್‌ಬುಕ್, ಒಂದು ಪದಗಳಿಗೆ, ಇನ್ನೊಂದು ಬರವಣಿಗೆಗೆ. ಫೋನಿನಲ್ಲಿ ಕೋರ್ಟಿನ ಪ್ರಕರಣಗಳ ಸ್ಥಿತಿ ನೋಡುವ ಇ-ಕೋರ್ಟ್ಸ್ ಆ್ಯಪ್. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ರಾಜ್ಯದ ಕಾಯ್ದೆಗಳನ್ನು ನಮ್ಮ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕನ್ನಡದಲ್ಲೇ ಓದಬಹುದು. ದಪ್ಪ ದಪ್ಪ ಗೈಡುಗಳನ್ನು ಈಗಲೇ ಕೊಳ್ಳಬೇಡಿ.

ಹಳೆ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಐಪಿಸಿ (ಭಾರತೀಯ ದಂಡ ಸಂಹಿತೆ), ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಪುಸ್ತಕ ತರುವವರನ್ನು ಈಗಲೂ ನೋಡುತ್ತಿದ್ದೇನೆ. 2024ರ ಜುಲೈ 1ರಿಂದ ಇವುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕೊಲೆಯ ಶಿಕ್ಷೆಗೆ ಇದ್ದ ಸೆಕ್ಷನ್ 302 ಈಗ 103. ವಂಚನೆಯ 420 ಈಗ 318. ಆ ಜುಲೈ 1ಕ್ಕಿಂತ ಹಿಂದೆ ನಡೆದ ಅಪರಾಧಗಳಿಗೆ ಹಳೆಯ ಐಪಿಸಿಯೇ ಅನ್ವಯಿಸುವುದರಿಂದ ಕೋರ್ಟಿನಲ್ಲಿ ಹಳೆ ಸಂಖ್ಯೆಗಳು ಇನ್ನೂ ಕಿವಿಗೆ ಬೀಳುತ್ತವೆ. ನೀವು ಮೊದಲು ಕಲಿಯಬೇಕಾದದ್ದು ಹೊಸದನ್ನು.

ಹಂತ 1: ದಾರಿ ಯಾವುದೆಂದು ಗೊತ್ತುಮಾಡಿಕೊಳ್ಳಿ (ಮೊದಲ ವರ್ಷ)

ಡಿಗ್ರಿ ಓದುತ್ತಿರುವವರಿಗೆ ಮುಖ್ಯವಾಗಿ ಮೂರು ದಾರಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಡಿಗ್ರಿ ಅಂಕದ ಮೇಲೆ ಸೀಟು ಸಿಗುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಶುರುಮಾಡಿದ ಮೂರು ವರ್ಷದ ಎಲ್‌ಎಲ್‌ಬಿಗೆ ಎನ್‌ಎಲ್‌ಸ್ಯಾಟ್ ಎಂಬ ಪರೀಕ್ಷೆ ಬರೆಯಬೇಕು. ದಿಲ್ಲಿ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಿಗೆ ಹೋಗುವುದಾದರೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಗಡಿಭಾಗದಲ್ಲಿ ಇರುವವರು ಮಹಾರಾಷ್ಟ್ರದ ಸಿಇಟಿಯನ್ನೋ ತೆಲಂಗಾಣದ ಕಾನೂನು ಪ್ರವೇಶ ಪರೀಕ್ಷೆ ಲಾಸೆಟ್ಟನ್ನೋ ನೋಡಬಹುದು.

ದುಡ್ಡು ಹೆಚ್ಚು ಪೋಲಾಗುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ವಿಷಯದಲ್ಲಿ. ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸಿಗೆ ಹೋಗುವವರಿಗೊಂದು ಕ್ಲ್ಯಾಟ್, ಕಾನೂನಿನ ಸ್ನಾತಕೋತ್ತರ ಪದವಿ ಎಲ್‌ಎಲ್‌ಎಂ ಮಾಡುವವರಿಗೊಂದು ಕ್ಲ್ಯಾಟ್-ಪಿಜಿ. ಡಿಗ್ರಿಯ ಮೇಲೆ ಎಲ್‌ಎಲ್‌ಬಿ ಮಾಡುವ ನಿಮ್ಮ ದಾರಿಗೆ ಎರಡೂ ಬೇಡ. "ಲಾ ಎಂಟ್ರೆನ್ಸ್ ಕೋಚಿಂಗ್" ಎಂಬ ಬೋರ್ಡು ನೋಡಿ ಹಣ ಕಟ್ಟುವ ಮುನ್ನ ಅಲ್ಲಿ ಯಾವ ಪರೀಕ್ಷೆಗೆ ತಯಾರು ಮಾಡುತ್ತಾರೆಂದು ಕೇಳಿ.

ಮೊದಲ ವರ್ಷದಲ್ಲೇ ಡಿಗ್ರಿ ಬಿಟ್ಟು ಐದು ವರ್ಷದ ಕೋರ್ಸಿಗೆ ಸೇರಲೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ: ಡಿಗ್ರಿ ಮೂರು, ಎಲ್‌ಎಲ್‌ಬಿ ಮೂರು, ಒಟ್ಟು ಆರು ವರ್ಷ. ಈಗ ಕಳೆದಿರುವ ಒಂದು ವರ್ಷಕ್ಕೆ ಐದು ಸೇರಿಸಿದರೂ ಆರೇ. ಓದುತ್ತಿರುವ ವಿಷಯವೇ ಬೇಡವೆನಿಸಿದ್ದರೆ ಬಿಡುವುದಕ್ಕೊಂದು ಅರ್ಥವಿದೆ. ವರ್ಷ ಉಳಿಯುತ್ತದೆ ಎಂಬ ಆಸೆಗೆ ಬಿಡಬೇಡಿ.

ನ್ಯಾಯಾಧೀಶರಾಗುವ ಕನಸಿದ್ದರೆ ಇನ್ನೊಂದು ಲೆಕ್ಕವನ್ನೂ ಈಗಲೇ ಹಾಕಿ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿ ಬೇಕು. ಇಪ್ಪತ್ತೊಂದಕ್ಕೆ ಡಿಗ್ರಿ, ಇಪ್ಪತ್ತನಾಲ್ಕಕ್ಕೆ ಎಲ್‌ಎಲ್‌ಬಿ ಮುಗಿದರೂ ಆ ಪರೀಕ್ಷೆ ಬರೆಯುವಾಗ ಇಪ್ಪತ್ತೇಳಾಗಿರುತ್ತದೆ. ಮನೆಯವರಿಗೆ ಈ ಮಾತನ್ನು ಮೊದಲೇ ಹೇಳಿ ಕೂರಿಸಿದರೆ ಮುಂದಿನ ಎಷ್ಟೋ ಜಗಳ ತಪ್ಪುತ್ತದೆ.

ಹಂತ 2: ಅಂಕ ಕಾಯ್ದುಕೊಳ್ಳಿ, ಬ್ಯಾಕ್‌ಲಾಗ್ ಉಳಿಸಬೇಡಿ

ವಕೀಲಿ ವೃತ್ತಿ, ಕಾನೂನು ಶಿಕ್ಷಣಕ್ಕೆ ನಿಯಮ ಹಾಕುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಪ್ರಕಾರ ಡಿಗ್ರಿಯಲ್ಲಿ ಕನಿಷ್ಠ ಶೇಕಡ 45 ಇರಬೇಕು. ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40. ದಿಲ್ಲಿ ವಿಶ್ವವಿದ್ಯಾಲಯ ಸಾಮಾನ್ಯ ವರ್ಗಕ್ಕೆ 50 ಕೇಳುತ್ತದೆ. ಇದು ಬಾಗಿಲೊಳಗೆ ಕಾಲಿಡಲು ಬೇಕಾದ ಅಂಕ ಅಷ್ಟೆ. ಒಳ್ಳೆಯ ಹೆಸರಿರುವ ಕಾಲೇಜಿನಲ್ಲಿ ಅಂಕದ ಮೇಲೆ ಸೀಟು ಹಂಚುವಾಗ 45 ಇದ್ದವರ ಹೆಸರು ಪಟ್ಟಿಯ ತುದಿಯಲ್ಲಿ ಇರುತ್ತದೆ. 44.9 ಅನ್ನು 45 ಎಂದು ಹಿಡಿಯುತ್ತಾರೆ ಎಂಬ ಧೈರ್ಯದ ಮೇಲಂತೂ ಕೂರಲೇಬೇಡಿ.

ಪ್ರತಿ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಒಟ್ಟು ಸರಾಸರಿ ಲೆಕ್ಕ ಹಾಕಿಡಿ. ನಿಮ್ಮ ವಿಶ್ವವಿದ್ಯಾಲಯ ಸಿಜಿಪಿಎ ಕೊಡುವುದಾದರೆ ಅದನ್ನು ಶೇಕಡಾವಾರಿಗೆ ತಿರುಗಿಸುವ ಅಧಿಕೃತ ಸೂತ್ರ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಸ್ನೇಹಿತರು ಹೇಳಿದ ಸೂತ್ರ ಬಳಸಿ, ದಾಖಲೆ ಪರಿಶೀಲನೆಯ ದಿನ ಸಂಖ್ಯೆ ಹೊಂದದೆ ವಾಪಸ್ ಬಂದವರಿದ್ದಾರೆ.

ಬ್ಯಾಕ್‌ಲಾಗ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಾಲ್ಕನೇ ಸೆಮಿಸ್ಟರಿನ ಒಂದು ಪತ್ರಿಕೆ ಉಳಿದರೆ ಅದನ್ನು ಐದನೇ ಸೆಮಿಸ್ಟರ್ ಹೊತ್ತಿಗೆ ತೀರಿಸಿಬಿಡಬೇಕು. ಆರನೆಯದರ ಜೊತೆ ಬರೆದರೆ ಫಲಿತಾಂಶ, ಮರುಮೌಲ್ಯಮಾಪನ, ಅಂಕಪಟ್ಟಿ ತಿದ್ದುಪಡಿ ಎಲ್ಲ ಸೇರಿ ಪ್ರವೇಶದ ಕೊನೆಯ ದಿನಾಂಕ ದಾಟಿಹೋಗುತ್ತದೆ. ಹುಬ್ಬಳ್ಳಿ, ಬೆಂಗಳೂರು ಎರಡೂ ಕೈಬಿಟ್ಟುಹೋಗುವುದು ಈ ಒಂದು ಪತ್ರಿಕೆಯಿಂದಲೇ.

2021ರಿಂದ 2023ರ ನಡುವೆ ಡಿಗ್ರಿ ಸೇರಿದವರದು ನಾಲ್ಕು ವರ್ಷದ ಪದ್ಧತಿ. ಎಲ್‌ಎಲ್‌ಬಿಗೆ ಮೂರು ವರ್ಷದ ಪದವಿ ಸಾಕು. ನಾಲ್ಕನೇ ವರ್ಷ ಓದಲೇಬೇಕೆಂಬ ಗಾಳಿಮಾತು ನಂಬಬೇಡಿ. ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿದವರಿಗೂ ದಾರಿ ಮುಚ್ಚಿಲ್ಲ, ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಎಂಬ ಕ್ರಮ ತಪ್ಪಿರಬಾರದು. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ.

ಹಂತ 3: ದಿನಕ್ಕೆ ಒಂದು ಗಂಟೆ, ಎರಡು ಭಾಷೆ (ಮೊದಲ ವರ್ಷದಿಂದಲೇ)

ಕನ್ನಡ ಮಾಧ್ಯಮದಲ್ಲಿ ಓದಿದವರ ದೊಡ್ಡ ಭಯ ಇಂಗ್ಲಿಷ್. ಕಾನೂನು ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿನ ಭಾಷೆ ಇಂಗ್ಲಿಷ್. ಹಾಗಾಗಿ ವಕೀಲರಾಗುವವರಿಗೆ ಎರಡೂ ಬೇಕು. ಕನ್ನಡ ಬಾರದೆ ಸಾಕ್ಷಿಗೆ ಪಾಟೀಸವಾಲು ಹಾಕಲು ಪರದಾಡುವ ಇಂಗ್ಲಿಷ್ ಮಾಧ್ಯಮದ ಮಕ್ಕಳೂ ನನ್ನ ಕಣ್ಣಮುಂದಿದ್ದಾರೆ.

ರೂಢಿ ಹೀಗಿರಲಿ. ಸಂವಿಧಾನದ ಒಂದು ಅನುಚ್ಛೇದವನ್ನು ಮೊದಲು ಕನ್ನಡದಲ್ಲಿ ಓದಿ, ಪುಸ್ತಕ ಮುಚ್ಚಿ, ಅದರ ಅರ್ಥವನ್ನು ನಿಮ್ಮದೇ ಎರಡು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಇಂಗ್ಲಿಷ್ ಪ್ರತಿ ತೆಗೆದು ನಿಮ್ಮ ವಾಕ್ಯದಲ್ಲಿ ಏನು ಬಿಟ್ಟುಹೋಗಿದೆ ನೋಡಿ. ಸಾಮಾನ್ಯವಾಗಿ ಬಿಟ್ಟುಹೋಗುವುದು "ಪರಂತು" (ಆದರೆ) ಎಂದು ಶುರುವಾಗುವ, ನಿಯಮಕ್ಕೆ ವಿನಾಯಿತಿ ಇಲ್ಲವೇ ಷರತ್ತು ಹೇಳುವ ಭಾಗ. ಕೋರ್ಟಿನಲ್ಲಿ ಎಷ್ಟೋ ಪ್ರಕರಣಗಳು ಆ "ಪರಂತು" ಮೇಲೆಯೇ ನಿಂತಿರುತ್ತವೆ. ಮೂರನೇ ಭಾಗದ ಮೂಲಭೂತ ಹಕ್ಕುಗಳು, 12ರಿಂದ 35ರವರೆಗೆ, ಮೊದಲು ಮುಗಿಯಲಿ.

ಪದಗಳ ನೋಟ್‌ಬುಕ್ಕಿನಲ್ಲಿ ವಾದಿ, ಪ್ರತಿವಾದಿ, ದಾವೆ, ತಡೆಯಾಜ್ಞೆ, ನಿರೀಕ್ಷಣಾ ಜಾಮೀನು, ಮೇಲ್ಮನವಿ, ವಕಾಲತ್ತು ಎಂಬ ಪದಗಳಿಗೆ ಇಂಗ್ಲಿಷಿನಲ್ಲಿ ಏನು ಹೇಳುತ್ತಾರೆ ಎಂದು ಜೋಡಿ ಜೋಡಿಯಾಗಿ ಬರೆಯುತ್ತ ಹೋಗಿ. ಪತ್ರಿಕೆಯಲ್ಲಿ ಕೋರ್ಟ್ ಸುದ್ದಿ ಓದುವಾಗ ಹೊಸ ಪದ ಸಿಕ್ಕರೆ ಅದೂ ಅಲ್ಲಿಗೇ. ವಾರಕ್ಕೆ ಹತ್ತು ಪದವಾದರೂ ಎರಡು ವರ್ಷದಲ್ಲಿ ಸಾವಿರ ದಾಟುತ್ತದೆ.

ಇಲ್ಲಿ ಮಾಡುವ ತಪ್ಪು: ಸೆಕ್ಷನ್ ಸಂಖ್ಯೆಗಳನ್ನು ಉರುಹೊಡೆಯುವುದು. ಎನ್‌ಎಲ್‌ಸ್ಯಾಟ್‌ಗೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ಅಂಕದ ಮೇಲೆ ಸೀಟು ಸಿಗುವ ಕಡೆ ಅದನ್ನು ಕೇಳುವವರೇ ಇಲ್ಲ. ಓದಿದ್ದನ್ನು ಅರ್ಥಮಾಡಿಕೊಂಡು ಬೇರೆ ಸಂದರ್ಭಕ್ಕೆ ಹಚ್ಚಲು ಬರುತ್ತದೆಯೇ ಎಂಬುದೇ ಎಲ್ಲ ಕಡೆ ಬೇಕಾದದ್ದು.

ಹಂತ 4: ತೀರ್ಪು ಓದಲು ಕಲಿಯಿರಿ (ಎರಡನೇ ವರ್ಷ)

ಉತ್ಸಾಹದಲ್ಲಿ ಎಲ್ಲರೂ ಮೊದಲು ಕೈಹಾಕುವುದು ಕೇಶವಾನಂದ ಭಾರತಿ ಪ್ರಕರಣಕ್ಕೆ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಆ ಪ್ರಕರಣ 1973ರದು. ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರರ ಬಹುಮತ, ನೂರಾರು ಪುಟ. ಇಪ್ಪತ್ತು ಪುಟ ದಾಟುವಷ್ಟರಲ್ಲಿ ಕಾನೂನು ತನಗಲ್ಲ ಎಂದು ವಿದ್ಯಾರ್ಥಿ ಕೈಚೆಲ್ಲುತ್ತಾನೆ. ಅದು ಅಭ್ಯಾಸವಾದ ಮೇಲೆ ಓದುವಂಥದ್ದು.

ಶುರುಮಾಡಲು ನಾನು ಹೇಳುವುದು 1992ರ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ. ಇಬ್ಬರು ನ್ಯಾಯಮೂರ್ತಿಗಳ ಚಿಕ್ಕ ತೀರ್ಪು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕ, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದರು. ಸಂಗತಿ ನಮ್ಮೂರ ಹತ್ತಿರದ್ದು, ಪ್ರಶ್ನೆ ಸರಳ, ಹಾಗಾಗಿ ತರ್ಕದ ಕಡೆ ಗಮನ ಕೊಡಲು ಬಿಡುವು ಸಿಗುತ್ತದೆ.

ಓದುವಾಗ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ನಾಲ್ಕು ಅಂಶ ಬರೆಯಿರಿ: ಏನು ನಡೆಯಿತು, ಕೋರ್ಟಿನ ಮುಂದಿದ್ದ ಪ್ರಶ್ನೆ ಯಾವುದು, ಕೋರ್ಟು ಏನು ಹೇಳಿತು, ಯಾಕೆ ಹಾಗೆ ಹೇಳಿತು. ಒಂದು ಪುಟ ಮೀರಬಾರದು. ತೀರ್ಪಿನ ಮೇಲ್ಗಡೆ ಇರುವ ಸಾರಾಂಶವನ್ನು ನಕಲು ಮಾಡಿದರೆ ಈ ಅಭ್ಯಾಸವೇ ದಂಡ. ಅದನ್ನು ಕೊನೆಗೆ ಓದಿ, ನೀವು ಬರೆದದ್ದರ ಜೊತೆ ಹೋಲಿಸಿ.

ಅದಾದ ಮೇಲೆ ಇದೇ ಎಳೆ ಹಿಡಿದು ಮುಂದಕ್ಕೆ ಹೋಗಿ. ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದು ಮೋಹಿನಿ ಜೈನ್ ಪ್ರಕರಣದಲ್ಲಿ ಹೇಳಿದ್ದನ್ನು 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ಐವರು ನ್ಯಾಯಮೂರ್ತಿಗಳು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿದರು. ಅಲ್ಲಿ ರೂಪಿಸಿದ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಅದೇ ವರ್ಷದ 86ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಮಕ್ಕಳ ಶಿಕ್ಷಣದ ಹಕ್ಕಿನ 21ಎ ಅನುಚ್ಛೇದ ಸೇರಿತು. ಒಂದು ತೀರ್ಪು ಇಂದಿಗೂ ಕಾನೂನೇ ಅಥವಾ ಮುಂದಿನದು ಅದನ್ನು ಅಳಿಸಿದೆಯೇ ಎಂದು ಹುಡುಕುವ ಚಾಳಿ ಈ ಮೂರು ತೀರ್ಪುಗಳಿಂದಲೇ ಬೆಳೆಯುತ್ತದೆ. ವಕೀಲಿಯಲ್ಲಿ ರದ್ದಾದ ತೀರ್ಪು ಹಿಡಿದು ವಾದಕ್ಕೆ ನಿಂತರೆ ಆಗುವ ಅವಮಾನ ಸಣ್ಣದಲ್ಲ.

ಆಮೇಲೆ ರಾಷ್ಟ್ರಪತಿ ಆಳ್ವಿಕೆಯ ಬಗೆಗಿನ 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣ, ಖಾಸಗಿತನದ ಹಕ್ಕಿನ ಬಗೆಗಿನ 2017ರ ಕೆ.ಎಸ್. ಪುಟ್ಟಸ್ವಾಮಿ ಪ್ರಕರಣ. ಇವೆರಡೂ ಒಂಬತ್ತು ನ್ಯಾಯಮೂರ್ತಿಗಳ ಉದ್ದ ತೀರ್ಪುಗಳು; ಇಡೀ ಓದುವ ಹಟ ಬೇಡ. ಬಹುಮತದ ಕೊನೆಯ ತೀರ್ಮಾನದ ಭಾಗ ಓದಿ ಸಾಕು. ತೀರ್ಪುಗಳು ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ.

ಹಂತ 5: ಬರೆಯಿರಿ (ಎರಡನೇ ವರ್ಷದ ನಡುವಿನಿಂದ, ನಿಲ್ಲಿಸದೆ)

ಹೆಚ್ಚು ಜನ ಸೋಲುವ ಹಂತ ಇದು. ವಿಡಿಯೋ ಪಾಠ ಕೇಳುತ್ತಾರೆ, ನೋಟ್ಸ್ ಸಂಗ್ರಹಿಸುತ್ತಾರೆ, ಬಹುಆಯ್ಕೆ ಪ್ರಶ್ನೆಗಳನ್ನು ಸಾವಿರಗಟ್ಟಲೆ ಬಿಡಿಸುತ್ತಾರೆ. ಕಾಗದದ ಮೇಲೆ ಮೂರು ಪ್ಯಾರಾ ಬರೆಯಿರಿ ಎಂದರೆ ಪೆನ್ನು ನಿಂತುಹೋಗುತ್ತದೆ.

ಕಾನೂನಿನ ಉತ್ತರಕ್ಕೊಂದು ಮೈಕಟ್ಟಿದೆ: ಪ್ರಶ್ನೆ, ನಿಯಮ, ಅನ್ವಯ, ಉತ್ತರ. ಒಂದು ಉದಾಹರಣೆ ನೋಡೋಣ.

ನಿಯಮ: ಅಂಗಡಿಯಲ್ಲಿ ಬೆಲೆಚೀಟಿ ಹಚ್ಚಿ ವಸ್ತು ಇಡುವುದು ಮಾರಾಟದ ಪ್ರಸ್ತಾಪವಲ್ಲ, ಪ್ರಸ್ತಾಪ ಮಾಡಿರೆಂದು ಗಿರಾಕಿಯನ್ನು ಕರೆಯುವುದು ಮಾತ್ರ. ಗಿರಾಕಿ "ಕೊಳ್ಳುತ್ತೇನೆ" ಎಂದಾಗ ಪ್ರಸ್ತಾಪ, ಅಂಗಡಿಯವರು ಒಪ್ಪಿದಾಗ ಕರಾರು.

ಸಂಗತಿ: ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 15,000 ರೂಪಾಯಿಯ ಫೋನಿಗೆ ತಪ್ಪಿ 1,500 ಎಂಬ ಚೀಟಿ ಹಚ್ಚಲಾಗಿದೆ. ಗಿರಾಕಿ 1,500 ಕೊಟ್ಟು ಫೋನು ಕೇಳುತ್ತಾರೆ. ಅಂಗಡಿಯವರು ಕೊಡಲು ಒಪ್ಪುವುದಿಲ್ಲ. ಅಂಗಡಿಯವರು ಕೊಡಲೇಬೇಕೆ?

ನನ್ನ ಕೈಗೆ ಬರುವ ಹತ್ತು ಉತ್ತರದಲ್ಲಿ ಏಳು ಹೀಗಿರುತ್ತವೆ: "ಅಂಗಡಿಯವರು ಗ್ರಾಹಕರಿಗೆ ಮೋಸ ಮಾಡಿದ್ದಾರೆ. ಬೆಲೆ ಹಾಕಿದ ಮೇಲೆ ಅದೇ ಬೆಲೆಗೆ ಕೊಡುವುದು ಧರ್ಮ. ಆದ್ದರಿಂದ ಕೊಡಬೇಕು." ಕೊಟ್ಟ ನಿಯಮವನ್ನು ಮುಟ್ಟಿಯೇ ಇಲ್ಲ. ತಮಗೆ ಸರಿ ಕಂಡದ್ದನ್ನು ಬರೆದಿದ್ದಾರೆ, ಅಷ್ಟೆ.

ಬರೆಯಬೇಕಾದದ್ದು ಹೀಗೆ: "ಇಲ್ಲಿನ ಪ್ರಶ್ನೆ, ಅಂಗಡಿಯವರಿಗೂ ಗಿರಾಕಿಗೂ ನಡುವೆ ಕರಾರು ಏರ್ಪಟ್ಟಿದೆಯೇ ಎಂಬುದು. ನಿಯಮದ ಪ್ರಕಾರ ಬೆಲೆಚೀಟಿ ಆಹ್ವಾನ ಮಾತ್ರ. 1,500 ರೂಪಾಯಿ ಮುಂದಿಟ್ಟು ಫೋನು ಕೇಳಿದಾಗ ಪ್ರಸ್ತಾಪ ಮಾಡಿದವರು ಗಿರಾಕಿ. ಅಂಗಡಿಯವರು ಅದನ್ನು ನಿರಾಕರಿಸಿದ್ದಾರೆ, ಒಪ್ಪಿಗೆ ಇಲ್ಲ. ಒಪ್ಪಿಗೆ ಇಲ್ಲದ ಕಾರಣ ಕರಾರಿಲ್ಲ. ಕೊಡಲೇಬೇಕೆಂಬ ಕಟ್ಟುಪಾಡು ಅಂಗಡಿಯವರಿಗಿಲ್ಲ."

ಈಗ ಸಂಗತಿಯನ್ನು ಸ್ವಲ್ಪ ತಿರುಗಿಸಿ. ಕ್ಯಾಷಿಯರ್ ಗಮನಿಸದೆ 1,500 ತೆಗೆದುಕೊಂಡು ಬಿಲ್ಲು ಕೊಟ್ಟರು, ಗಿರಾಕಿ ಬಾಗಿಲು ದಾಟುವಾಗ ಮಾಲೀಕರು ತಡೆದರು ಎಂದುಕೊಳ್ಳಿ. ಮೇಲಿನ ನಿಯಮವೊಂದನ್ನೇ ಹಿಡಿದರೆ ಉತ್ತರ ಬದಲಾಗುತ್ತದೆ, ಏಕೆಂದರೆ ಒಪ್ಪಿಗೆ ಬಂದುಹೋಗಿದೆ. ಹೀಗೆ ಒಂದೇ ಸಂಗತಿಯನ್ನು ಎರಡು ಮೂರು ಬಗೆಯಲ್ಲಿ ತಿರುಗಿಸಿ ಬರೆಯುವುದನ್ನು ವಾರಕ್ಕೆ ಎರಡು ಸಲ ಮಾಡಿ. ಸಂಗತಿಗಳಿಗೆ ಬರವಿಲ್ಲ: ಪಕ್ಕದ ಮನೆಯವರ ಮರದ ಕೊಂಬೆ ನಿಮ್ಮ ಹಂಚಿನ ಮೇಲೆ ಬಿದ್ದದ್ದು, ಹಾಸ್ಟೆಲ್ ಮುಂಗಡ ವಾಪಸ್ ಕೊಡದಿರುವುದು, ಮದುವೆ ಛತ್ರದ ಬುಕಿಂಗ್ ರದ್ದಾದದ್ದು.

ಜೊತೆಗೆ ತಿಂಗಳಿಗೆ ಎರಡು ಪ್ರಬಂಧ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು 2024ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಮುಂದಿಟ್ಟು ತಡೆಹಿಡಿಯಿತಲ್ಲ, ಅಂಥ ವಿಷಯ ತೆಗೆದುಕೊಳ್ಳಿ. ನಿಮ್ಮ ಅಭಿಪ್ರಾಯಕ್ಕೆ ಎದುರಾದ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಒಂದು ಪ್ಯಾರಾದಲ್ಲಿ ಬರೆದು, ಆಮೇಲೆ ಉತ್ತರ ಕೊಡಿ. ಎದುರಾಳಿಯ ವಾದ ಬರೆಯಲು ಕೈ ಬಾರದಿದ್ದರೆ ವಿಷಯ ಇನ್ನೂ ತಿಳಿದಿಲ್ಲವೆಂದೇ ಅರ್ಥ.

ಬರೆದದ್ದನ್ನು ಯಾರಾದರೂ ಓದಲೇಬೇಕು. ನಿಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರನ್ನೋ ಇಂಗ್ಲಿಷ್ ಮೇಡಂ ಅನ್ನೋ ಕೇಳಿ. ಎರಡು ಪುಟ ಓದಿ ತಿದ್ದಿಕೊಡಲು ಬೇಸರಪಡುವ ಮೇಷ್ಟ್ರು ಕಡಿಮೆ. ಕೇಳುವ ವಿದ್ಯಾರ್ಥಿಗಳು ಇನ್ನೂ ಕಡಿಮೆ. ಕೈಯಲ್ಲೇ ಬರೆಯಿರಿ. ಫೋನಿನಲ್ಲಿ ಟೈಪು ಮಾಡಿ ರೂಢಿಯಾದವರಿಗೆ ಪರೀಕ್ಷೆಯ ಎರಡನೇ ಗಂಟೆಯಲ್ಲಿ ಬೆರಳು ಸೋಲುತ್ತದೆ.

ಹಂತ 6: ಕೋರ್ಟಿಗೆ ಹೋಗಿ ಕೂತುಬನ್ನಿ (ಎರಡನೇ ವರ್ಷದ ಬೇಸಿಗೆಯೊಳಗೆ)

ನ್ಯಾಯಾಲಯ ಎಲ್ಲರಿಗೂ ತೆರೆದದ್ದು. ನಿಮ್ಮ ತಾಲ್ಲೂಕಿನ ಕೋರ್ಟಿಗೆ ಬೆಳಿಗ್ಗೆ ಕಲಾಪ ಶುರುವಾಗುವ ಮುನ್ನ ಹೋಗಿ, ಹಿಂದಿನ ಬೆಂಚಿನಲ್ಲಿ ಕೂರಿ. ಫೋನು ಆರಿಸಿರಬೇಕು, ಫೋಟೊ, ರೆಕಾರ್ಡಿಂಗ್ ಕೂಡದು. ಒಳಗೆ ಹೋಗುವಾಗ, ಹೊರಬರುವಾಗ ಪೀಠಕ್ಕೆ ತಲೆಬಾಗಿಸುವುದು ವಾಡಿಕೆ. ದಾಂಪತ್ಯದ ವ್ಯಾಜ್ಯ, ಪೋಕ್ಸೊ ಪ್ರಕರಣಗಳು ಮುಚ್ಚಿದ ಬಾಗಿಲಲ್ಲಿ ನಡೆಯುತ್ತವೆ. ಹೊರಗಿರಿ ಎಂದರೆ ಬೇಸರಿಸದೆ ಎದ್ದುಬನ್ನಿ.

ಮೊದಲ ದಿನ ಬರೀ ಹಾಜರಿ ಮತ್ತು ಮುಂದೂಡಿಕೆ ಕಂಡು ಬೇಜಾರಾಗುತ್ತದೆ. ಎರಡನೇ ಸಲ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ ಪಾಟೀಸವಾಲು ನಡೆಯುವ ಕಡೆ ಕೂರಿ. ವಕೀಲರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು, ಆ ಪ್ರಶ್ನೆ ಯಾಕೆ ಕೇಳಿದರು ಎಂದು ಮನೆಯಲ್ಲಿ ಕೂತು ಊಹಿಸಿ. ಒಂದು ಪ್ರಕರಣದ 16 ಅಂಕಿ-ಅಕ್ಷರದ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಅದರ ಮುಂದಿನ ದಿನಾಂಕ, ಆದೇಶ ಎಲ್ಲ ಕಾಣುತ್ತದೆ. ಒಂದೇ ಪ್ರಕರಣವನ್ನು ವರ್ಷವಿಡೀ ಹಿಂಬಾಲಿಸಿದರೆ ನ್ಯಾಯದಾನದ ವೇಗವೂ ತಿಳಿಯುತ್ತದೆ, ಈ ವೃತ್ತಿಗೆ ಬೇಕಾದ ತಾಳ್ಮೆ ನಿಮ್ಮಲ್ಲಿ ಇದೆಯೇ ಎಂಬುದೂ ತಿಳಿಯುತ್ತದೆ.

ಬೇಸಿಗೆಯಲ್ಲಿ ನಿಮ್ಮೂರ ವಕೀಲರೊಬ್ಬರ ಕಚೇರಿಯಲ್ಲಿ ಒಂದು ತಿಂಗಳು ಕೂರಲು ಅನುಮತಿ ಕೇಳಿ. ಅಲ್ಲಿ ಪಹಣಿ, ಖಾತೆ, ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಓದಲು ಕಲಿತರೆ ಸಾಕು. ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪಿಂಗ್ ಕಲಿತುಬಿಟ್ಟರೆ ಮುಂದೆ ಯಾವ ಸೀನಿಯರ್ ಕಚೇರಿಯಲ್ಲೂ ನಿಮಗೆ ಜಾಗವಿದೆ. ಕಕ್ಷಿದಾರರ ಮಾತು ಕಚೇರಿಯ ಬಾಗಿಲು ದಾಟಬಾರದು, ಸ್ನೇಹಿತರ ನಡುವೆಯೂ.

ಹಂತ 7: ಪ್ರವೇಶ ಪರೀಕ್ಷೆ (ಕೊನೆಯ ವರ್ಷ)

ಎನ್‌ಎಲ್‌ಸ್ಯಾಟ್ ಬರೆಯುವವರು ಕೊನೆಯ ವರ್ಷದ ನವೆಂಬರ್‌ನಿಂದ ಅಧಿಸೂಚನೆ ನೋಡುತ್ತಿರಬೇಕು. ಈಚಿನ ವರ್ಷಗಳಲ್ಲಿ ಪರೀಕ್ಷೆ ಏಪ್ರಿಲ್ ಕೊನೆಯಲ್ಲಿ ನಡೆದಿದೆ. ಎರಡೂವರೆ ಗಂಟೆ, 150 ಅಂಕ. ಮೊದಲ ಭಾಗ 75 ಅಂಕದ ಬಹುಆಯ್ಕೆ ಪ್ರಶ್ನೆಗಳು: ಓದಿ ಗ್ರಹಿಸುವುದು, ಪ್ರಚಲಿತ ವಿದ್ಯಮಾನ, ತರ್ಕ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಎರಡನೇ ಭಾಗದ 75 ಅಂಕ ಪೂರ್ತಿ ಬರವಣಿಗೆ: ಕಾನೂನು ತರ್ಕದ ಸಣ್ಣ ಉತ್ತರಗಳು ಮತ್ತು ಒಂದು ಪ್ರಬಂಧ. ಮೊದಲ ಭಾಗದಲ್ಲಿ ಮೇಲೆ ಬಂದವರ ಎರಡನೇ ಭಾಗವನ್ನು ಮಾತ್ರ ತಿದ್ದುತ್ತಾರೆ. ಅಂದರೆ ಮೊದಲ ಭಾಗ ಸೋತರೆ ನಿಮ್ಮ ಪ್ರಬಂಧವನ್ನು ಯಾರೂ ನೋಡುವುದಿಲ್ಲ. ಎರಡನೇ ಭಾಗ ಸೋತರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಐದನೇ ಹಂತದಲ್ಲಿ ಅಷ್ಟು ಹೊತ್ತು ನಿಂತದ್ದು ಇದಕ್ಕೇ.

ಜನವರಿಯಿಂದ ವಾರಕ್ಕೊಂದು ಪೂರ್ಣ ಅಣಕು ಪರೀಕ್ಷೆ, ಗಡಿಯಾರ ಇಟ್ಟು. ಬರೆದ ಮೇಲೆ ಅಂಕ ನೋಡಿ ಸುಮ್ಮನಾಗಬೇಡಿ; ತಪ್ಪಾದ ಪ್ರತಿ ಪ್ರಶ್ನೆಗೂ ಕಾರಣ ಬರೆಯಿರಿ. ಅವಸರದಲ್ಲಿ ಓದಿದೆನೇ, ಪದ ತಿಳಿಯಲಿಲ್ಲವೇ, ಎರಡರಲ್ಲಿ ಒಂದನ್ನು ಊಹಿಸಿದೆನೇ? ನಾಲ್ಕು ವಾರದಲ್ಲಿ ನಿಮ್ಮ ತಪ್ಪುಗಳೆಲ್ಲ ಎರಡು ಮೂರು ಬಗೆಯವೇ ಎಂದು ಗೊತ್ತಾಗುತ್ತದೆ.

ಸಿಯುಇಟಿ-ಪಿಜಿ ಇನ್ನೂ ಬೇಗ. ಅರ್ಜಿ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಬರುತ್ತದೆ, ಪರೀಕ್ಷೆ ಮಾರ್ಚ್ ಸುಮಾರಿಗೆ. 75 ಪ್ರಶ್ನೆ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಬರವಣಿಗೆ ಇಲ್ಲ.

ಯಾವ ಪರೀಕ್ಷೆ ಬರೆದರೂ ಆರನೇ ಸೆಮಿಸ್ಟರಿನ ಪಾಠ ಕೈಬಿಡಬೇಡಿ. ಎನ್‌ಎಲ್‌ಸ್ಯಾಟ್ ಸಿಗದಿದ್ದರೆ ನಿಮ್ಮನ್ನು ಕಾಪಾಡುವುದು ಡಿಗ್ರಿಯ ಅಂಕವೇ.

ಹಂತ 8: ಕಾಲೇಜು ನೋಡಿ ಬನ್ನಿ

ಅರ್ಜಿ ಹಾಕುವ ಮುನ್ನ ಕಾಲೇಜಿಗೆ ಒಂದು ವಾರದ ದಿನ, ಪಾಠದ ಹೊತ್ತಿನಲ್ಲಿ ಹೋಗಿ. ತರಗತಿಯಲ್ಲಿ ಮಕ್ಕಳಿದ್ದಾರೆಯೇ, ಗ್ರಂಥಾಲಯದಲ್ಲಿ ಹೊಸ ಸಂಹಿತೆಗಳ ಪುಸ್ತಕ ಇದೆಯೇ, ಅಣಕು ನ್ಯಾಯಾಲಯ ನಡೆಯುತ್ತದೆಯೇ ಕಣ್ಣಾರೆ ನೋಡಿ. ಬಾರ್ ಕೌನ್ಸಿಲ್ ಅನುಮೋದನೆ ಈ ಸಾಲಿಗೆ ಇದೆಯೇ ಎಂದು ಪತ್ರ ತೋರಿಸಲು ಕೇಳಿ. ಕಾನೂನು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲೂ ಹೆಸರು ನೋಡಿ. ಅನುಮೋದನೆ ಇಲ್ಲದ ಕಡೆ ಓದಿದ ಪದವಿಗೆ ವಕೀಲರ ನೋಂದಣಿ ಸಿಗದೆ ಹೋಗಬಹುದು; ಮೂರು ವರ್ಷದ ಶ್ರಮ ನೀರಲ್ಲಿ ಹೋಮ.

ಈ ಮಾತುಗಳು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದುಬನ್ನಿ:

"ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು." ಬಾರ್ ಕೌನ್ಸಿಲ್ ನಿಯಮ ಪ್ರತಿ ವಿಷಯದಲ್ಲೂ ಶೇಕಡ 70 ಹಾಜರಾತಿ ಕೇಳುತ್ತದೆ. 2024ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ಬಯೋಮೆಟ್ರಿಕ್ ಹಾಜರಿಗೂ ಹೇಳಿದೆ.

"ದೂರಶಿಕ್ಷಣದಲ್ಲಿ ಎಲ್‌ಎಲ್‌ಬಿ ಮಾಡಿಸ್ತೀವಿ." ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಎಲ್‌ಎಲ್‌ಬಿಯನ್ನು ಸಾಧ್ಯವಿಲ್ಲ.

"ಜೊತೆಗೆ ರೆಗ್ಯುಲರ್ ಎಂಎ ಕೂಡ ಮಾಡ್ಕೊಳ್ಳಿ." ಎರಡು ರೆಗ್ಯುಲರ್ ಕೋರ್ಸನ್ನು ಒಟ್ಟಿಗೆ ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ತಡೆಯುತ್ತದೆ. ಪ್ರವೇಶದ ವೇಳೆ ಇದರ ಬಗ್ಗೆ, ಉದ್ಯೋಗದ ಬಗ್ಗೆ, ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ ಎಂಬುದರ ಬಗ್ಗೆ ಘೋಷಣೆ ಕೊಡಬೇಕಾಗುತ್ತದೆ. ಮುಚ್ಚಿಟ್ಟರೆ ಆ ಸುಳ್ಳು ನೋಂದಣಿಯ ದಿನ ಎದುರು ಬಂದು ನಿಲ್ಲುತ್ತದೆ.

"ರಸೀದಿ ಆಮೇಲೆ ಕೊಡ್ತೀವಿ." ದುಡ್ಡು ಕೊಡಬೇಡಿ.

ಹಂತ 9: ಕಾಗದಪತ್ರ ಮತ್ತು ಪ್ರವೇಶದ ವಾರ

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರ್ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರ. ಮೀಸಲಾತಿ ಇದ್ದವರಿಗೆ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅರ್ಹತಾ ಪತ್ರ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ವಲಸೆ ಪ್ರಮಾಣಪತ್ರ. ಇವೆಲ್ಲ ಐದನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದೇ ಫೈಲಿನಲ್ಲಿ ಇರಬೇಕು, ಆರನೇ ಸೆಮಿಸ್ಟರಿನದ್ದೊಂದು ಬಿಟ್ಟು.

ಎಲ್ಲ ದಾಖಲೆಗಳಲ್ಲಿ ನಿಮ್ಮ ಹೆಸರು, ಇನಿಷಿಯಲ್, ತಂದೆಯ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರ್‌ನಲ್ಲಿ ಇಲ್ಲವೇ ಇಲ್ಲ ಎಂಬುದು ನಮ್ಮಲ್ಲಿ ಮಾಮೂಲು. ತಿದ್ದಿಸಲು ತಿಂಗಳುಗಳು ಹಿಡಿಯುತ್ತವೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಿಬಿಡಿ.

ಆರನೇ ಸೆಮಿಸ್ಟರ್ ಅಂಕಪಟ್ಟಿ ತಡವಾದರೆ ಆನ್‌ಲೈನ್ ಫಲಿತಾಂಶದ ಪ್ರತಿಗೆ ಪ್ರಾಂಶುಪಾಲರ ಸಹಿ ಮೊಹರು ಹಾಕಿಸಿ ಇಟ್ಟುಕೊಳ್ಳಿ, ಅದರ ಮೇಲೆ ತಾತ್ಕಾಲಿಕ ಪ್ರವೇಶ ಕೊಡುತ್ತಾರೆಯೇ ಎಂದು ಕಾಲೇಜಿನಲ್ಲಿ ಮೊದಲೇ ಕೇಳಿ. ವರ್ಗಾವಣೆ ಪತ್ರದ ಮೂಲಪ್ರತಿ ಒಂದು ಕಾಲೇಜಿಗೆ ಕೊಟ್ಟ ಮೇಲೆ ಇನ್ನೊಂದು ಕಡೆ ಸೇರುವುದು ಬಹಳ ಕಷ್ಟ. ಎನ್‌ಎಲ್‌ಸ್ಯಾಟ್ ಪಟ್ಟಿಯಲ್ಲೋ ಬೇರೆ ಕಾಲೇಜಿನ ಪಟ್ಟಿಯಲ್ಲೋ ನಿಮ್ಮ ಹೆಸರು ಇನ್ನೂ ಕಾಯುವ ಸಾಲಿನಲ್ಲಿ ಇದ್ದರೆ, ಮೂಲಪ್ರತಿ ಕೊಡುವ ಮುನ್ನ ವಾಪಸ್ ಪಡೆಯುವ ನಿಯಮ ಏನೆಂದು ಕಚೇರಿಯ ಗುಮಾಸ್ತರನ್ನು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ, ಎರಡು ಜೊತೆ ಜೆರಾಕ್ಸ್ ಮಾಡಿಸಿ ಒಂದನ್ನು ಮನೆಯಲ್ಲಿ ಇಡಿ.